ಅಭ್ಯಾಸ ಹೆಚ್ಚಿದರೂ ಟೈಮಿಂಗ್ ಇಳಿಯದ ಓಟಗಾರ್ತಿಗೆ: ದೇಹದಲ್ಲಿ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು?

ದೂರದ ಓಟಕ್ಕೆ ತಯಾರಾಗುವ ಹೆಣ್ಣುಮಕ್ಕಳಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ವಾರಕ್ಕೆ 30 ಕಿ.ಮೀ. ಇದ್ದದ್ದು 50 ಆಯಿತು, ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ವೇಗವಾಗಿ ಓಡುವ ಅಭ್ಯಾಸ) ಸೇರಿತು, ಆದರೂ 10 ಕಿ.ಮೀ. ಟೈಮಿಂಗ್ ಕದಲಿಲ್ಲ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಇನ್ನಷ್ಟು ಓಡುವುದು, ಇಲ್ಲವೇ ತೂಕ ಇಳಿದರೆ ವೇಗ ಬರುತ್ತದೆಂದು ಊಟ ಕಡಿಮೆ ಮಾಡುವುದು. ಬಹಳ ಸಲ ಸಮಸ್ಯೆ ಬಿಗಡಾಯಿಸುವುದು ಇಲ್ಲಿಂದಲೇ.

ದೂರದ ಓಟದ ವೇಗವನ್ನು ತೀರ್ಮಾನಿಸುವುದು ಮುಖ್ಯವಾಗಿ ಮೂರು ಅಂಶ. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ವಿಒ2 ಮ್ಯಾಕ್ಸ್. ಅದರ ಎಷ್ಟು ಪಾಲನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳಬಲ್ಲಿರಿ ಎಂಬುದು ಲ್ಯಾಕ್ಟೇಟ್ ಥ್ರೆಶೋಲ್ಡ್. ಒಂದು ಕಿಲೋಮೀಟರಿಗೆ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬುದು ರನ್ನಿಂಗ್ ಎಕಾನಮಿ. ಈ ಮೂರೂ ಸುಧಾರಿಸಬೇಕಾದರೆ ಊಟ, ಹಾರ್ಮೋನು, ರಕ್ತ ಮತ್ತು ಮೂಳೆ ಸರಿಯಿರಬೇಕು. ಆದ್ದರಿಂದ ಈ ನಾಲ್ಕನ್ನು ಮೊದಲು ನೋಡಿ, ವೇಗದ ಅಭ್ಯಾಸ ಆಮೇಲೆ. ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಕಬ್ಬಿಣದ ಕೊರತೆ ಇಟ್ಟುಕೊಂಡು ಥ್ರೆಶೋಲ್ಡ್ ಅಳೆದರೆ ಸಿಗುವುದು ಕೊರತೆಯ ಅಳತೆ, ನಿಮ್ಮ ಸಾಮರ್ಥ್ಯದ್ದಲ್ಲ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಅಡುಗೆಮನೆಯ ತೂಕದ ಯಂತ್ರ, ದೇಹದ ತೂಕ ನೋಡುವ ಯಂತ್ರ, ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ, 400 ಮೀ. ಟ್ರ್ಯಾಕ್ ಅಥವಾ ಅಳತೆ ಗೊತ್ತಿರುವ ಸಮತಟ್ಟಾದ ರಸ್ತೆ. ಮಣಿಕಟ್ಟಿನ ವಾಚು ವೇಗದ ಓಟದಲ್ಲಿ ಹೃದಯ ಬಡಿತವನ್ನು ಆಗಾಗ ತಪ್ಪಾಗಿ ತೋರಿಸುತ್ತದೆ. ಹೆಜ್ಜೆಯ ಲಯವನ್ನೇ ಬಡಿತವೆಂದು ಎಣಿಸುವುದೂ ಉಂಟು. ವಾಚು ಕೊಡುವ ವಿಒ2 ಮ್ಯಾಕ್ಸ್ ಕೂಡ ಬರೀ ಅಂದಾಜು. ಮಂಗಳೂರಿನ ಸೆಕೆಯಲ್ಲಿ ಒಂದು ವಾರ ಓಡಿದರೆ ಅದು ಇಳಿದುಬಿಡಬಹುದು, ನಿಮ್ಮ ದೇಹಕ್ಕೆ ಏನೂ ಆಗಿರುವುದಿಲ್ಲ.

ಹಂತ 1: ಊಟದ ಲೆಕ್ಕ

ಓಟಕ್ಕೆ ಖರ್ಚಾದದ್ದು ಕಳೆದು, ದೇಹದ ಉಳಿದ ಕೆಲಸಗಳಿಗೆ ಎಷ್ಟು ಶಕ್ತಿ ಉಳಿಯುತ್ತದೆ? ಮೊದಲು ಹಾಕಬೇಕಾದ ಲೆಕ್ಕ ಇದು. ದಿನದ ಕ್ಯಾಲೊರಿಯಲ್ಲಿ ಓಟದ ಖರ್ಚು ಕಳೆದು, ಬಂದದ್ದನ್ನು ಕೊಬ್ಬು ಬಿಟ್ಟ ದೇಹತೂಕದಿಂದ ಭಾಗಿಸಬೇಕು. ಓಟದ ಖರ್ಚಿಗೆ ಸುಲಭ ಸೂತ್ರ: ಪ್ರತಿ ಕಿಲೋಮೀಟರಿಗೆ, ಪ್ರತಿ ಕಿಲೋ ತೂಕಕ್ಕೆ ಸುಮಾರು 1 ಕ್ಯಾಲೊರಿ.

50 ಕಿಲೋ ತೂಕದ, ಅದರಲ್ಲಿ ಸುಮಾರು 12 ಕಿಲೋ ಕೊಬ್ಬಿರುವ ಓಟಗಾರ್ತಿಯನ್ನು ತೆಗೆದುಕೊಳ್ಳಿ. ಕೊಬ್ಬು ಬಿಟ್ಟರೆ 38 ಕಿಲೋ. ಒಂದು ದಿನ 10 ಕಿ.ಮೀ. ಓಡಿದರೆ 500 ಕ್ಯಾಲೊರಿ ಖರ್ಚು. ಆ ದಿನ 1,600 ಕ್ಯಾಲೊರಿ ತಿಂದಿದ್ದರೆ ಉಳಿದದ್ದು 1,100. ಅದನ್ನು 38ರಿಂದ ಭಾಗಿಸಿದರೆ 29. ಆರಾಮವಾಗಿರಲು ಬೇಕಾದದ್ದು ಸುಮಾರು 45. ಅಂದರೆ ಆಕೆ ತಿನ್ನಬೇಕಾಗಿದ್ದದ್ದು 2,200ರ ಆಸುಪಾಸು. 30ಕ್ಕಿಂತ ಕೆಳಗೆ ದಿನಗಟ್ಟಲೆ ಇದ್ದರೆ ಮೆದುಳು ಅಂಡಾಶಯಕ್ಕೆ ಕಳಿಸುವ ಸಂಕೇತ ಕುಗ್ಗುತ್ತದೆ, ಥೈರಾಯ್ಡ್ ಹಾರ್ಮೋನು ಇಳಿಯುತ್ತದೆ, ಮೂಳೆ ಕಟ್ಟುವ ಕೆಲಸ ನಿಧಾನವಾಗುತ್ತದೆ. 30 ಎಲ್ಲರಿಗೂ ಒಂದೇ ಗಡಿ ಅಲ್ಲ. ಕೆಲವರಿಗೆ ಅದಕ್ಕಿಂತ ಮೇಲೆಯೇ ತೊಂದರೆ ಶುರುವಾಗುತ್ತದೆ. ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಕೊಟ್ಟ ಹೆಸರು ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಸಾಪೇಕ್ಷ ಕೊರತೆ); ಕ್ರೀಡಾ ವೈದ್ಯರ ಬಳಿ ಈ ಪದ ಬಳಸಿದರೆ ಮಾತು ಬೇಗ ಮುಂದುವರಿಯುತ್ತದೆ.

ಮಾಡಬೇಕಾದದ್ದು: ನಾಲ್ಕು ದಿನ (ಒಂದು ಉದ್ದ ಓಟದ ದಿನ, ಒಂದು ವಿಶ್ರಾಂತಿಯ ದಿನ, ಎರಡು ಸಾಧಾರಣ ದಿನ) ತಿಂದದ್ದನ್ನೆಲ್ಲ ತೂಕ ಹಾಕಿ ಬರೆಯಿರಿ. ಎಣ್ಣೆ, ಸಕ್ಕರೆ, ಕಾಫಿಯ ಹಾಲು ಬಿಡಬೇಡಿ. ಲೆಕ್ಕ ಹಾಕುವ ವಾರದಲ್ಲಿ ಊಟ ಬದಲಿಸಿದರೆ ಲೆಕ್ಕ ಹಾಳು. ಊಟದ ವಿಷಯದಲ್ಲಿ ಈ ಹಿಂದೆ ವಿಪರೀತ ಚಿಂತೆ, ಪಥ್ಯ, ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದವರು ಈ ತೂಕ-ಲೆಕ್ಕ ಮಾಡಲೇಬಾರದು. ನೇರವಾಗಿ ವೈದ್ಯರು ಅಥವಾ ಆಹಾರತಜ್ಞರ ಹತ್ತಿರ ಹೋಗಿ.

ಸಾಮಾನ್ಯವಾಗಿ ತಪ್ಪುವುದು ಎಲ್ಲಿ? ಒಂದು, ಹೊತ್ತಿನಲ್ಲಿ. ಬೆಳಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಓಡಿ, ಮನೆಕೆಲಸ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಒಂಬತ್ತೂವರೆಗೆ ತಿಂಡಿ ತಿಂದರೆ, ದಿನದ ಮೊತ್ತ ಸರಿಯಿದ್ದರೂ ದೇಹ ಗಂಟೆಗಟ್ಟಲೆ ಕೊರತೆಯಲ್ಲೇ ಇರುತ್ತದೆ. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು ಅಥವಾ ಎರಡು ಮೂರು ಖರ್ಜೂರ, ಮುಗಿದ ಮುಕ್ಕಾಲು ಗಂಟೆಯೊಳಗೆ ಹಾಲು ಹಾಕಿದ ರಾಗಿ ಮಾಲ್ಟ್ ಜೊತೆ ಮೊಟ್ಟೆ, ಇಲ್ಲವೇ ಇಡ್ಲಿ ಸಾಂಬಾರ್. ಎರಡು, ಉಪವಾಸ. ಸಂಕಷ್ಟಿ, ಏಕಾದಶಿಯ ದಿನ ಉದ್ದ ಓಟ ಇಟ್ಟುಕೊಳ್ಳಬೇಡಿ. ವ್ರತ ಬಿಡಲಾಗದಿದ್ದರೆ ಓಟದ ದಿನವನ್ನು ಸರಿಸಿ. ಮೂರು, ನಾರು ಹೆಚ್ಚಾದ ಊಟ. ಮುದ್ದೆ, ಸೊಪ್ಪು, ಮೊಳಕೆಕಾಳು ಒಳ್ಳೆಯದೇ, ಆದರೆ ಕ್ಯಾಲೊರಿ ಸಾಕಾಗುವ ಮೊದಲೇ ಹೊಟ್ಟೆ ತುಂಬಿಸುತ್ತವೆ. ಗಟ್ಟಿ ಅಭ್ಯಾಸದ ದಿನ ಅನ್ನ, ಅವಲಕ್ಕಿ, ಬೆಲ್ಲ ಹೆಚ್ಚಿರಲಿ.

ಕೊರತೆ ಕಂಡರೆ ದಿನಕ್ಕೆ 300ರಿಂದ 400 ಕ್ಯಾಲೊರಿ ಸೇರಿಸಿ. ಒಂದು ಹಿಡಿ ಕಡಲೆಬೀಜ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಮೊದಲ ವಾರಗಳಲ್ಲಿ ತೂಕ ತುಸು ಏರಬಹುದು. ಸ್ನಾಯುವಿನಲ್ಲಿ ಗ್ಲೈಕೊಜೆನ್ (ದೇಹ ಕೂಡಿಡುವ ಸಕ್ಕರೆ) ತುಂಬಿಕೊಳ್ಳುವಾಗ ನೀರೂ ಸೇರುತ್ತದೆ. ಇದನ್ನು ಕೊಬ್ಬೆಂದು ಹೆದರಿ ಹಿಂದೆ ಸರಿದವರೇ ಹೆಚ್ಚು.

ಹಂತ 2: ಮುಟ್ಟಿನ ದಾಖಲೆ

ಇದು ಪುಕ್ಕಟೆ ಸಿಗುವ, ಯಾವ ಲ್ಯಾಬಿಗೂ ಕಡಿಮೆಯಿಲ್ಲದ ಪರೀಕ್ಷೆ. ಮುಟ್ಟು ಶುರುವಾದ ದಿನವನ್ನು 1 ಎಂದಿಟ್ಟು ಕನಿಷ್ಠ ಮೂರು ಚಕ್ರ ಬರೆಯಿರಿ: ಎಷ್ಟು ದಿನಕ್ಕೊಮ್ಮೆ, ಎಷ್ಟು ದಿನ ಸ್ರಾವ, ಎಷ್ಟು ಪ್ಯಾಡ್, ನೋವು, ನಿದ್ದೆ, ಬೆಳಗ್ಗೆ ಏಳುವಾಗಿನ ಹೃದಯ ಬಡಿತ.

21ರಿಂದ 35 ದಿನದ ಚಕ್ರ ಸಾಧಾರಣ. 35 ದಿನ ದಾಟುತ್ತಾ ಹೋದರೆ ಎಚ್ಚರ. ಮೂರು ತಿಂಗಳು ಬರದೇ ಹೋದರೆ, ಅಥವಾ ಹುಡುಗಿಗೆ 15 ತುಂಬಿದರೂ ಮೈನೆರೆಯದಿದ್ದರೆ ವೈದ್ಯರ ಭೇಟಿ ಕಡ್ಡಾಯ. 'ಓಡುವವರಿಗೆ ಮುಟ್ಟು ನಿಲ್ಲುವುದು ಮಾಮೂಲು' ಎಂದು ಈಗಲೂ ಹೇಳುವ ಕೋಚ್‌ಗಳಿದ್ದಾರೆ. ಮಾಮೂಲಾಗಿ ಕಾಣುತ್ತದೆ ನಿಜ, ಆದರೆ ಅದು ಆರೋಗ್ಯದ ಲಕ್ಷಣವಲ್ಲ. ಮುಟ್ಟು ನಿಂತಾಗ ಈಸ್ಟ್ರೊಜೆನ್ ಇಳಿದಿರುತ್ತದೆ, ಅದರೊಂದಿಗೆ ಮೂಳೆಯೂ ಸವೆಯುತ್ತದೆ. ಮುಟ್ಟು ತಪ್ಪಿದಾಗ ಮೊದಲು ಗರ್ಭ ಪರೀಕ್ಷೆ, ಆಮೇಲೆ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ಪರೀಕ್ಷೆ, ನಂತರ ಉಳಿದದ್ದು.

ಇಲ್ಲಿ ನಮ್ಮಲ್ಲಿ ತುಂಬಾ ನಡೆಯುವ ಒಂದು ಎಡವಟ್ಟಿದೆ. ಮುಟ್ಟು ಏರುಪೇರಾದ ಕೂಡಲೇ ಸ್ಕ್ಯಾನ್, ಸ್ಕ್ಯಾನ್‌ನಲ್ಲಿ ಅಂಡಾಶಯದ ಗುಳ್ಳೆಗಳು, ಕೂಡಲೇ 'ಪಿಸಿಒಎಸ್ (ಹಾರ್ಮೋನು ಏರುಪೇರಿನ ಅಂಡಾಶಯದ ಸಮಸ್ಯೆ), ತೂಕ ಇಳಿಸಿ'. ಊಟ ಸಾಲದೆ ಮುಟ್ಟು ನಿಂತವರ ಸ್ಕ್ಯಾನ್‌ನಲ್ಲೂ ಅಂಥ ಗುಳ್ಳೆಗಳು ಕಾಣಬಹುದು. ಅಂಥವರಿಗೆ ತೂಕ ಇಳಿಸಲು ಹೇಳುವುದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ತೆಳ್ಳಗಿದ್ದು, ವಾರಕ್ಕೆ 50 ಕಿ.ಮೀ. ಓಡುತ್ತಾ, ಮೊಡವೆ ಅಥವಾ ಮುಖದ ಕೂದಲಿನ ಲಕ್ಷಣವಿಲ್ಲದೆ ಮುಟ್ಟು ನಿಂತಿದ್ದರೆ, ಹಂತ 1ರ ಲೆಕ್ಕವನ್ನು ವೈದ್ಯರ ಮುಂದಿಟ್ಟು ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಡಿಯಾಲ್ ಹಾರ್ಮೋನುಗಳನ್ನು ನೋಡಲು ಕೇಳಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ತಿಂಗಳು ತಿಂಗಳು ಬರುವುದು ಮಾತ್ರೆ ನಿಲ್ಲಿಸಿದ್ದಕ್ಕೆ ಬರುವ ಸ್ರಾವ, ಅದು ನಿಜವಾದ ಮುಟ್ಟಲ್ಲ. ಅದನ್ನು ನೋಡಿ ಎಲ್ಲ ಸರಿಯಿದೆ ಎನ್ನಲಾಗದು. ಊಟ ಸರಿಮಾಡಿದ ಮೇಲೆ ಮುಟ್ಟು ಮರಳಲು ತಿಂಗಳುಗಳೇ ಹಿಡಿಯುತ್ತವೆ, ಕೆಲವರಿಗೆ ವರ್ಷ ದಾಟುತ್ತದೆ.

ಚಕ್ರದ ಯಾವ ದಿನ ಯಾವ ಅಭ್ಯಾಸ ಎಂದು ಪಟ್ಟಿ ಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಅವುಗಳ ಹಿಂದಿನ ಪುರಾವೆ ತೀರಾ ತೆಳು. ಸರಾಸರಿಯಲ್ಲಿ ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯ ಒಂದಿಷ್ಟು ಕುಗ್ಗಬಹುದು, ಆದರೆ ವ್ಯತ್ಯಾಸ ನಗಣ್ಯ, ಒಬ್ಬೊಬ್ಬರಿಗೆ ಒಂದೊಂದು ಥರ. ಖಚಿತವಾಗಿ ಕಾಣುವುದು ಇಷ್ಟು: ಅಂಡೋತ್ಸರ್ಗದ ನಂತರ ದೇಹದ ಒಳಗಿನ ಉಷ್ಣತೆ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ವಿಶ್ರಾಂತಿಯ ಹೃದಯ ಬಡಿತವೂ ತುಸು ಹೆಚ್ಚುತ್ತದೆ. ಆ ದಿನಗಳಲ್ಲಿ ವಾಚು 'ಓವರ್‌ಟ್ರೇನಿಂಗ್' (ಅತಿ ಅಭ್ಯಾಸ) ಎಂದು ಹೆದರಿಸಿದರೆ ನೋಟ್‌ಬುಕ್ ನೋಡಿ.

ಹಂತ 3: ರಕ್ತ

ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಗಂಡಸರಿಗಿಂತ ಹೆಂಗಸರ ವಿಒ2 ಮ್ಯಾಕ್ಸ್ ಕಡಿಮೆ ಇರುವುದಕ್ಕೆ ಚಿಕ್ಕ ಹೃದಯ, ಹೆಚ್ಚು ಕೊಬ್ಬಿನ ಪಾಲಿನ ಜೊತೆಗೆ ಹಿಮೋಗ್ಲೋಬಿನ್ ಕಡಿಮೆಯಿರುವುದೂ ಒಂದು ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಶೇ. 47.8. ಓಟಗಾರ್ತಿಯರು ಇದರಿಂದ ಹೊರಗಿರುತ್ತಾರೆಂದು ನಂಬಲು ಕಾರಣವಿಲ್ಲ. ಬೆವರು, ಕರುಳಿನ ಸಣ್ಣ ರಕ್ತಸ್ರಾವ, ಪಾದ ನೆಲಕ್ಕೆ ಬಡಿದು ಒಡೆಯುವ ಕೆಂಪುಕಣಗಳು ಎಲ್ಲವೂ ಕಬ್ಬಿಣದ ನಷ್ಟಕ್ಕೆ ಸೇರುತ್ತವೆ.

ಏನು ಪರೀಕ್ಷೆ: ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಸೀರಂ ಫೆರಿಟಿನ್ (ಕಬ್ಬಿಣದ ದಾಸ್ತಾನಿನ ಅಳತೆ), ಉರಿಯೂತ ತೋರಿಸುವ ಸಿಆರ್‌ಪಿ, ವಿಟಮಿನ್ ಬಿ12, ವಿಟಮಿನ್ ಡಿ, ಥೈರಾಯ್ಡ್‌ಗೆ ಟಿಎಸ್‌ಎಚ್. ಬರೀ ಹಿಮೋಗ್ಲೋಬಿನ್ ನೋಡಿ ಬಿಡಬೇಡಿ, ಅದು ಇಳಿಯುವ ಹೊತ್ತಿಗೆ ಕಬ್ಬಿಣದ ದಾಸ್ತಾನು ಖಾಲಿಯಾಗಿ ಕಾಲವಾಗಿರುತ್ತದೆ.

ಯಾವಾಗ: ಬೆಳಗ್ಗೆ, ಗಟ್ಟಿ ಓಟವಾಗಿ ಒಂದೆರಡು ದಿನ ಕಳೆದ ಮೇಲೆ, ಜ್ವರ ಶೀತ ಇಲ್ಲದಾಗ. ಉದ್ದ ಓಟದ ಮರುದಿನ ಹೋದರೆ ಉರಿಯೂತದಿಂದ ಫೆರಿಟಿನ್ ಸುಳ್ಳುಸುಳ್ಳೇ ಮೇಲೆ ಕಾಣುತ್ತದೆ. ಸಿಆರ್‌ಪಿ ಕೇಳುವುದು ಇದನ್ನು ಹಿಡಿಯಲಿಕ್ಕೇ.

ಓದುವುದು ಹೇಗೆ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ವಯಸ್ಕ ಹೆಂಗಸಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, ಫೆರಿಟಿನ್ ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ. ಓಟಗಾರ್ತಿಯರಲ್ಲಿ 30–35ಕ್ಕಿಂತ ಕೆಳಗಿದ್ದರೇ ಅನೇಕ ಕ್ರೀಡಾ ವೈದ್ಯರು ಗಮನ ಕೊಡುತ್ತಾರೆ. ಲ್ಯಾಬಿನ ಕಾಗದದಲ್ಲಿ 'ನಾರ್ಮಲ್' ಎಂದು ಅಚ್ಚಾಗಿದೆ ಎಂಬುದಷ್ಟೇ ಸಾಲದು.

ಮೂರು ತಿರುವುಗಳು ಗೊತ್ತಿರಲಿ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಫೆರಿಟಿನ್ ಚೆನ್ನಾಗಿದೆ ಎಂದಾದರೆ ಅಭ್ಯಾಸದಿಂದ ರಕ್ತದ ದ್ರವಭಾಗ ಹೆಚ್ಚಿ ತೆಳುವಾಗಿರಬಹುದು, ಅದು ರೋಗವಲ್ಲ. ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) ತುಂಬಾ ಕಡಿಮೆ, ಫೆರಿಟಿನ್ ಸರಿ ಎಂದಾದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ನಿನ ಅನುವಂಶಿಕ ದೋಷ) ವಾಹಕರಾಗಿರಬಹುದು; ಹಿಮೋಗ್ಲೋಬಿನ್ನಿನ ಬಗೆ ತಿಳಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆಯಿಂದ ಉಪಯೋಗವಿಲ್ಲ. ಎಂಸಿವಿ ಹೆಚ್ಚಿದ್ದರೆ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಕಡೆ ನೋಡಿ. ಬರಿಗಾಲಲ್ಲಿ ಹೊಲ, ಮಣ್ಣಿನ ಟ್ರ್ಯಾಕ್‌ನಲ್ಲಿ ಓಡುವ ಹುಡುಗಿಯರಲ್ಲಿ ಕೊಕ್ಕೆಹುಳುವನ್ನೂ ಮರೆಯಬಾರದು.

ಕಬ್ಬಿಣದ ಮಾತ್ರೆ ವೈದ್ಯರು ಬರೆದುಕೊಟ್ಟರೆ ಮಾತ್ರ. ತೆಗೆದುಕೊಳ್ಳುವ ಕ್ರಮದ ಮೇಲೆ ಬಹಳಷ್ಟು ನಿಂತಿದೆ. ಓಡಿದ 3ರಿಂದ 6 ಗಂಟೆಯ ನಡುವೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕರುಳಿನಲ್ಲಿ ಕಬ್ಬಿಣವನ್ನು ತಡೆಯುತ್ತದೆ. ಹಾಗಾಗಿ ಬೆಳಗಿನ ಓಟ ಮುಗಿದ ಅರ್ಧ ಗಂಟೆಯೊಳಗೆ ನಿಂಬೆ ಪಾನಕದ ಜೊತೆ ನುಂಗಿ, ಮಧ್ಯಾಹ್ನದವರೆಗೆ ಎಳೆಯಬೇಡಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಅದರಿಂದ ಒಂದೆರಡು ಗಂಟೆ ದೂರವಿರಲಿ (ಹಾಗಾಗಿ ಮಾತ್ರೆ ನುಂಗಿದ ದಿನ ಓಟದ ನಂತರ ಹಾಲಿನ ರಾಗಿ ಮಾಲ್ಟ್ ಬದಲು ಇಡ್ಲಿ ಸಾಂಬಾರ್). ಕೊರತೆಯಿರುವ ಯುವತಿಯರಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆಯಾಗುವ ಪಾಲು ಹೆಚ್ಚು, ಹೊಟ್ಟೆಯ ತೊಂದರೆಯೂ ಕಡಿಮೆ. ಇದನ್ನು ವೈದ್ಯರಲ್ಲಿ ಕೇಳಿ. 8ರಿಂದ 12 ವಾರಕ್ಕೆ ಮರುಪರೀಕ್ಷೆ. ಏರದಿದ್ದರೆ ಡೋಸ್ ಹೆಚ್ಚಿಸುವ ಮೊದಲು ನಷ್ಟ ಎಲ್ಲಿ ಆಗುತ್ತಿದೆ ಹುಡುಕಿ: ಪ್ಯಾಡ್ ಗಂಟೆ ಎರಡು ಗಂಟೆಗೇ ತುಂಬುವುದು, ದೊಡ್ಡ ಹೆಪ್ಪು ಬೀಳುವುದು, 7 ದಿನ ಮೀರಿ ಹೋಗುವುದು, ಇವುಗಳಿಗೆ ಸ್ತ್ರೀರೋಗ ತಜ್ಞರಲ್ಲಿ ಚಿಕಿತ್ಸೆಯಿದೆ. ಸುಮಾರು 2,240 ಮೀ. ಎತ್ತರದ ಊಟಿಯಂಥ ಕಡೆ ಶಿಬಿರಕ್ಕೆ ಹೋಗುವವರು ಫೆರಿಟಿನ್ ಅನ್ನು ಒಂದೆರಡು ತಿಂಗಳ ಮುಂಚೆಯೇ ನೋಡಿಕೊಳ್ಳಬೇಕು, ಏಕೆಂದರೆ ಎತ್ತರದಲ್ಲಿ ಹೊಸ ಕೆಂಪುಕಣ ಕಟ್ಟಲು ದಾಸ್ತಾನು ಬೇಕು.

ಹಂತ 4: ಮೂಳೆ

ಮೊಣಕಾಲಿನ ಕೆಳಗಿನ ಮೂಳೆ, ಪಾದ, ತೊಡೆಸಂದು. ಸ್ಟ್ರೆಸ್ ಫ್ರಾಕ್ಚರ್ (ಮತ್ತೆ ಮತ್ತೆ ಬೀಳುವ ಹೊರೆಯಿಂದ ಮೂಳೆಯಲ್ಲಾಗುವ ಸಣ್ಣ ಬಿರುಕು) ಹೆಚ್ಚಾಗಿ ಈ ಜಾಗಗಳಲ್ಲೇ. ಸ್ನಾಯುನೋವು ಹರಡಿಕೊಂಡಿರುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಮೂಳೆಯ ನೋವು ಒಂದು ಬೆರಳಿನಲ್ಲಿ ಒತ್ತಿ ತೋರಿಸುವಷ್ಟು ಜಾಗದಲ್ಲಿ ಇರುತ್ತದೆ, ಓಡಿದಷ್ಟೂ ಹೆಚ್ಚುತ್ತದೆ, ರಾತ್ರಿ ಮಲಗಿದಾಗಲೂ ಕಾಡುತ್ತದೆ. ಹೀಗಿದ್ದರೆ ಅಂದೇ ಓಟ ನಿಲ್ಲಿಸಿ. ತೊಡೆಸಂದಿನ ಆಳದ ನೋವಾದರೆ ಕುಂಟುತ್ತಲೂ ನಡೆಯಬೇಡಿ, ತಕ್ಷಣ ಮೂಳೆ ವೈದ್ಯರನ್ನು ಕಾಣಿ. ತೊಡೆಮೂಳೆಯ ಕತ್ತಿನ ಬಿರುಕು ಪೂರ್ತಿ ಮುರಿದರೆ ಶಸ್ತ್ರಚಿಕಿತ್ಸೆಯೇ ಗತಿ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರುವುದು ಸಾಮಾನ್ಯ, ಅದಕ್ಕೆ ಎಂಆರ್‌ಐ ಬೇಕು. 'ಎಕ್ಸ್‌ರೇ ಕ್ಲಿಯರ್' ಎಂದು ಮತ್ತೆ ಓಟಕ್ಕಿಳಿದು ಹಾಳು ಮಾಡಿಕೊಂಡವರು ಅನೇಕರು.

ಕ್ಯಾಲ್ಸಿಯಂ ದಿನಕ್ಕೆ 1,000 ಮಿ.ಗ್ರಾಂ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಇದೆ, ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಆ ಕ್ಯಾಲ್ಸಿಯಂನಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದ ರಾಗಿ, ಹುಳಿ ಬಂದ ಅಂಬಲಿ ಈ ದೃಷ್ಟಿಯಿಂದ ಮೇಲು.

ಹಂತ 5: ಥ್ರೆಶೋಲ್ಡ್ ಅಳತೆ

ಮೇಲಿನ ನಾಲ್ಕೂ ಸರಿಯಿದ್ದರೆ ಮಾತ್ರ ಇಲ್ಲಿಗೆ ಬನ್ನಿ. 15 ನಿಮಿಷ ಹಗುರ ಓಟ, ನಾಲ್ಕು ಸಣ್ಣ ಸ್ಟ್ರೈಡ್ (ಕ್ರಮೇಣ ವೇಗ ಏರಿಸುವ ಚಿಕ್ಕ ಓಟ), ನಂತರ 30 ನಿಮಿಷ ನಿಮ್ಮಿಂದಾಗುವಷ್ಟು ಗಟ್ಟಿಯಾಗಿ, ಆದರೆ ಒಂದೇ ಸಮ ವೇಗದಲ್ಲಿ, ಒಬ್ಬರೇ ಓಡಿ. 10ನೇ ನಿಮಿಷಕ್ಕೆ ವಾಚಿನ ಲ್ಯಾಪ್ ಗುಂಡಿ ಒತ್ತಿ. ಕೊನೆಯ 20 ನಿಮಿಷದ ಸರಾಸರಿ ಬಡಿತವೇ ನಿಮ್ಮ ಥ್ರೆಶೋಲ್ಡ್ ಬಡಿತದ ಅಂದಾಜು. ಅದು 176 ಬಂದರೆ ಹಗುರ ಓಟಗಳು 150ರ ಒಳಗಿರಬೇಕು. 220ರಲ್ಲಿ ವಯಸ್ಸು ಕಳೆಯುವ ಸೂತ್ರವನ್ನು ನೆಚ್ಚಬೇಡಿ, ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ.

ಮೊದಲ ಐದು ನಿಮಿಷ ಹಾರಿಹೋಗಿ ಕೊನೆಗೆ ಸೋಲುವುದು ಇಲ್ಲಿನ ದೊಡ್ಡ ತಪ್ಪು. ಹಾಗಾದರೆ ಅಳತೆ ಲೆಕ್ಕಕ್ಕಿಲ್ಲ, ವಾರ ಬಿಟ್ಟು ಮತ್ತೆ ಮಾಡಿ. 6ರಿಂದ 8 ವಾರಕ್ಕೊಮ್ಮೆ ಅದೇ ಟ್ರ್ಯಾಕ್, ಅದೇ ಹೊತ್ತು, ಚಕ್ರದ ಹೆಚ್ಚುಕಡಿಮೆ ಅದೇ ದಿನ. 7ನೇ ದಿನದ ಓಟವನ್ನು 24ನೇ ದಿನದ ಓಟದೊಂದಿಗೆ ಹೋಲಿಸಬೇಡಿ.

ಅಭ್ಯಾಸ: ವಾರಕ್ಕೊಮ್ಮೆ 3 ಬಾರಿ 8 ನಿಮಿಷ ಥ್ರೆಶೋಲ್ಡ್ ಬಡಿತ ಬರುವಷ್ಟು ವೇಗ, ನಡುವೆ 2 ನಿಮಿಷ ಜಾಗ್. ನಿಧಾನಕ್ಕೆ 3 ಬಾರಿ 12 ನಿಮಿಷಕ್ಕೆ ಒಯ್ಯಿರಿ. ಉಳಿದ ಬಹುಪಾಲು ಓಟ ಮಾತಾಡುತ್ತಾ ಓಡುವಷ್ಟು ಹಗುರ. 3 ನಿಮಿಷದ ಗಟ್ಟಿ ಇಂಟರ್ವಲ್‌ಗಳು ರೇಸಿಗೆ 6–8 ವಾರ ಇರುವಾಗ ಸೇರಿದರೆ ಸಾಕು.

ಹಂತ 6: ಎಕಾನಮಿ

ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ಅವರ ಪ್ರಯೋಗಾಲಯದ ದಾಖಲೆ ಪ್ರಕಟವಾಗಿದೆ. 1992ರಿಂದ 2003ರವರೆಗೆ ಅವರ ವಿಒ2 ಮ್ಯಾಕ್ಸ್ ನಿಮಿಷಕ್ಕೆ, ಪ್ರತಿ ಕಿಲೋ ತೂಕಕ್ಕೆ ಸುಮಾರು 70 ಮಿ.ಲೀ. ಆಸುಪಾಸಿನಲ್ಲೇ ಉಳಿಯಿತು. ಬದಲಾದದ್ದು ಎಕಾನಮಿ: ಗಂಟೆಗೆ 16 ಕಿ.ಮೀ. ವೇಗದಲ್ಲಿ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ 205 ಮಿ.ಲೀ. ಬೇಕಾಗಿದ್ದ ಆಮ್ಲಜನಕ 175ಕ್ಕೆ ಇಳಿಯಿತು. 2003ರಲ್ಲಿ ಲಂಡನ್ ಮ್ಯಾರಥಾನನ್ನು 2:15:25ರಲ್ಲಿ ಮುಗಿಸಿದ್ದು ಈ ದೇಹವೇ. ವಾಚಿನ ವಿಒ2 ಅಂಕಿ ಏರಲಿಲ್ಲವೆಂದು ಕೊರಗುವವರು ಇದನ್ನೊಮ್ಮೆ ನೋಡಬೇಕು.

ಎಕಾನಮಿಗೆ ಮುಖ್ಯವಾಗಿ ವರ್ಷಗಟ್ಟಲೆ ಬಿಡದ ಓಟ ಬೇಕು. ಅದಕ್ಕೆ ಸೇರಿಸಬಹುದಾದದ್ದು ಭಾರ. ವಾರಕ್ಕೆ ಎರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿಕಾಲಿನ ಹಿಮ್ಮಡಿ ಎತ್ತುವಿಕೆ. ತಲಾ 3 ಸೆಟ್, 5ರಿಂದ 8 ಬಾರಿ, ಕೊನೆಯ ಬಾರಿ ಕಷ್ಟವಾಗುವಷ್ಟು ತೂಕ. ಎರಡು ಕಿಲೋ ಡಂಬೆಲ್ ಹಿಡಿದು 30 ಬಾರಿ ಮಾಡುವುದರಿಂದ ಓಟಕ್ಕೆ ಸಿಗುವುದು ಅಲ್ಪ. ಮೈ ದಪ್ಪವಾಗುತ್ತದೆಂಬ ಭಯ ಬೇಡ, ಈ ಪ್ರಮಾಣದ ಓಟದ ಜೊತೆ ಅದು ಸುಲಭಕ್ಕೆ ಆಗುವುದಲ್ಲ. ಜೊತೆಗೆ ಹಗುರ ಓಟದ ಕೊನೆಗೆ 80–100 ಮೀ. ಸ್ಟ್ರೈಡ್ 6, ಸ್ವಲ್ಪ ಹಗ್ಗದಾಟ (ಸ್ಕಿಪ್ಪಿಂಗ್). ಪರಿಣಾಮ ಕಾಣಲು 8ರಿಂದ 12 ವಾರ. ಹೆರಿಗೆಯಾದವರು ಕನಿಷ್ಠ 12 ವಾರ ಕಳೆದು, ಸೊಂಟದ ತಳದ ಸ್ನಾಯುಗಳನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಪರೀಕ್ಷಿಸಿಕೊಂಡೇ ಓಟಕ್ಕೆ ಮರಳಬೇಕು. ಓಡುವಾಗ ಮೂತ್ರ ಸೋರುವುದು ಸಹಿಸಿಕೊಂಡು ಹೋಗಬೇಕಾದ ವಿಷಯವಲ್ಲ, ಅದಕ್ಕೂ ಚಿಕಿತ್ಸೆಯಿದೆ.

ಹಂತ 7: ರೇಸಿನ ದಿನ

ರೇಸಿನ ದಿನವೇ ಮುಟ್ಟು ಬರುವಂತಿದ್ದರೆ ಗಾಬರಿ ಬೇಡ. ಹಬ್ಬ, ಪೂಜೆಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನೇ ರೇಸಿಗೂ ನುಂಗುವ ರೂಢಿಯಿದೆ. ಅದನ್ನು ಮೊದಲ ಬಾರಿಗೆ ರೇಸಿನ ವಾರದಲ್ಲಿ ಪ್ರಯೋಗಿಸಬಾರದು. ಹೊಟ್ಟೆ ಉಬ್ಬರ ಬರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಇರುವವರಿಗೆ ಅದು ಸಲ್ಲದು. ಹೊಟ್ಟೆನೋವಿಗೆ ಮೆಫೆನಾಮಿಕ್ ಆ್ಯಸಿಡ್, ಐಬುಪ್ರೊಫೆನ್ ನುಂಗಿ ಬಿಸಿಲಲ್ಲಿ 21 ಅಥವಾ 42 ಕಿ.ಮೀ. ಓಡುವುದು ಮೂತ್ರಪಿಂಡಕ್ಕೆ ಹೊರೆ.

75–90 ನಿಮಿಷ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್, ಉದ್ದ ಓಟಗಳಲ್ಲಿ ಮೊದಲೇ ಅಭ್ಯಾಸ ಮಾಡಿಕೊಂಡದ್ದು ಮಾತ್ರ. ನೀರಿನ ಲೆಕ್ಕಕ್ಕೆ ಉದ್ದ ಓಟದ ಮುಂಚೆ ಮತ್ತು ನಂತರ ತೂಕ ನೋಡಿ. ಒಂದೆರಡು ಶೇಕಡಾ ಇಳಿದರೆ ಚಿಂತೆಯಿಲ್ಲ. ಚಿಕ್ಕ ಮೈಕಟ್ಟಿನ, ನಾಲ್ಕು ಗಂಟೆ ಮೀರಿ ಓಡುವ ಹೆಂಗಸರಿಗೆ ನಿಜವಾದ ಅಪಾಯ ಹೆಚ್ಚು ಕುಡಿಯುವುದು: ರಕ್ತದ ಸೋಡಿಯಂ ಇಳಿದುಹೋಗುತ್ತದೆ. ಓಡಿದ ಮೇಲೆ ತೂಕ ಹೆಚ್ಚಾಗಿದ್ದು, ಬೆರಳು ಊದಿ, ತಲೆನೋವು, ವಾಕರಿಕೆ, ಮಂಕು ಕಂಡರೆ ಅದನ್ನು ನಿರ್ಜಲೀಕರಣ ಎಂದುಕೊಂಡು ಇನ್ನಷ್ಟು ನೀರು ಕುಡಿಸಬೇಡಿ. ಕೂಡಲೇ ವೈದ್ಯಕೀಯ ಟೆಂಟಿಗೆ ಕರೆದೊಯ್ದು ಸೋಡಿಯಂ ನೋಡಲು ಹೇಳಿ.